ಇಪ್ಪತ್ತೆರಡು ಬಾವಿ, ಒಂದು ಬಕೆಟ್ಟು

ರಾಮೇಶ್ವರಕ್ಕೆ ಹೋಗಿ ಬಂದವರು ಪ್ರಾಕಾರದ ಕಂಬಗಳ ಬಗ್ಗೆ ಹೇಳುತ್ತಾರೆ. ಸಮುದ್ರದ ಮೇಲೆ ರೈಲು ತೆವಳಿದ ಕಥೆಯನ್ನು ಸಿಕ್ಕ ಮದುವೆಮನೆಯಲ್ಲೆಲ್ಲ ಹೇಳುತ್ತಾರೆ. ತಮ್ಮ ನೆತ್ತಿಗೆ ನೀರು ಸುರಿದ ಬಕೆಟ್ಟಿನ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆ ಬಾಕಿ ತೀರಿಸಲೆಂದೇ ಈ ಭೇಟಿ.

ರಾಮನಾಥಸ್ವಾಮಿ ದೇವಸ್ಥಾನಕ್ಕೆ ಮಧ್ಯಾಹ್ನದ ಬಾಗಿಲು ಹಾಕಿತ್ತು. ನೀರೆಳೆಯುವ ಯಜಮಾನ ಊಟಕ್ಕೆ ಹೋಗಿದ್ದ. ಪೂರ್ವ ಗೋಪುರದ ಬೀದಿಯ ಟೀ ಅಂಗಡಿ ಪಕ್ಕದಲ್ಲಿ ಬಕೆಟ್ಟು ಬೋರಲು ಮಲಗಿತ್ತು. ಬಾವಿಕಲ್ಲಿಗೆ ಬಡಿದು ಬಡಿದು ಬಾಯಿಯಂಚು ನೆಗ್ಗಿತ್ತು. ಮೈಯೆಲ್ಲ ಮಂಕಾಗಿದ್ದರೂ ಹಿಡಿಯ ನಡುವೆ, ಹಗ್ಗದ ಗಂಟು ಉಜ್ಜುವ ಜಾಗವೊಂದು ಮಾತ್ರ ಹೊಸ ರೂಪಾಯಿಯ ಹಾಗೆ ಮಿಂಚುತ್ತಿತ್ತು.

ಪ್ರಶ್ನೆ: ನಮಸ್ಕಾರ. ನಿಮಗೆ ಕನ್ನಡ ಬರುತ್ತದೆಯೇ?

ಬಕೆಟ್ಟು: ಧಾರಾಳವಾಗಿ. ಮೂರು ವಾಕ್ಯ ಕಲಿತರೆ ಮುಗಿಯಿತಲ್ಲ ಸ್ವಾಮಿ. ‘ಅಯ್ಯಯ್ಯೋ, ತಣ್ಣಗಿದೆ!’ ‘ಇನ್ನೂ ಎಷ್ಟಿದೆ ರೀ?’ ‘ಬ್ಯಾಗು ಯಾರ ಹತ್ರ ಇದೆ?’ ತೆಲುಗಿನವರೂ ಇದನ್ನೇ ಹೇಳುವುದು, ಮರಾಠಿಯವರೂ ಇದನ್ನೇ. ಹಾಗಾಗಿ ನನಗೆ ಎಲ್ಲ ಭಾಷೆಯೂ ಬರುತ್ತದೆ.

ಪ್ರಶ್ನೆ: ನಿಮ್ಮ ಉದ್ಯೋಗ?

ಬಕೆಟ್ಟು: ಬಾವಿಗೆ ಬೀಳುವುದು. ನಿಮ್ಮಲ್ಲಿ ಯಾರಾದರೂ ಒಂದು ಸಲ ಬಿದ್ದರೆ ಮಾರನೆಯ ದಿನ ಪೇಪರಿನಲ್ಲಿ ಬರುತ್ತದೆ. ನಾನು ಬೆಳಗಿನಿಂದ ಬೀಳುತ್ತಲೇ ಇದ್ದೇನೆ, ಕೇಳುವವರಿಲ್ಲ. ಯಜಮಾನ ಬಾವಿಕಟ್ಟೆಯ ಮೇಲೆ ಕಾಲಗಲಿಸಿ ನಿಂತು ಹಗ್ಗ ಬಿಡುತ್ತಾನೆ. ನಾನು ನೀರು ಮುಟ್ಟಿದ ಕೂಡಲೇ ಮಣಿಕಟ್ಟಿನಲ್ಲೊಂದು ಜಗ್ಗು ಕೊಡುತ್ತಾನೆ. ಆ ಜಗ್ಗಿಗೆ ನಾನು ಮಗುಚಿ ಮುಳುಗಬೇಕು. ಹೊಸ ಹುಡುಗರು ಜಗ್ಗಿದರೆ ಸುಮ್ಮನೆ ತೇಲುತ್ತಿರುತ್ತೇನೆ, ಕೆಳಗೆ ನಿಂತವರು ನಡುಗುತ್ತಿರುತ್ತಾರೆ. ನಿಮ್ಮ ಬೆಂಗಳೂರಿನಲ್ಲಿ ಬಕೆಟ್ ಹಿಡಿದವರು ಎಲ್ಲಿಂದ ಎಲ್ಲಿಗೋ ಹೋಗಿಬಿಡುತ್ತಾರಂತೆ. ನಮ್ಮ ಯಜಮಾನ ಹುಡುಗನಾಗಿದ್ದಾಗಿನಿಂದ ಹಿಡಿದಿದ್ದಾನೆ. ಭುಜದ ನೋವು ಬಿಟ್ಟು ಬೇರೆ ಏನೂ ಗಿಟ್ಟಲಿಲ್ಲ.

ಪ್ರಶ್ನೆ: ತೀರ್ಥಸ್ನಾನದ ಕ್ರಮವನ್ನು ಓದುಗರಿಗೆ ಸ್ವಲ್ಪ ತಿಳಿಸಿ.

ಬಕೆಟ್ಟು: ಮೊದಲು ಅಗ್ನಿತೀರ್ಥ. ಹೆಸರು ಕೇಳಿ ಹೆದರಬೇಡಿ, ಅದು ಸಮುದ್ರವೇ, ಕೆರೆಯಂತೆ ತೆಪ್ಪಗಿರುತ್ತದೆ. ಅಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಚೀಟಿ ಮಾಡಿಸಿ ಒಳಗೆ ಬರಬೇಕು. ಮಹಾಲಕ್ಷ್ಮಿ ತೀರ್ಥದಲ್ಲಿ ಶುರು. ಆಮೇಲೆ ಸಾವಿತ್ರಿ, ಗಾಯತ್ರಿ, ಸರಸ್ವತಿ ಅಂತ ಸಾಗಿ ಇಪ್ಪತ್ತೆರಡನೆಯ ಕೋಟಿತೀರ್ಥದಲ್ಲಿ ಮುಗಿಯುತ್ತದೆ. ನಡುವೆ ಗಂಗಾ, ಯಮುನಾ, ಗಯಾ ಒಂದರ ಮಗ್ಗುಲಿಗೆ ಒಂದಿವೆ. ಉತ್ತರದಲ್ಲಿ ರೈಲಿನಲ್ಲಿ ಸುತ್ತಬೇಕಾದ್ದನ್ನು ಇಲ್ಲಿ ನಾಲ್ಕು ಹೆಜ್ಜೆಯಲ್ಲಿ ಮುಗಿಸಬಹುದು. ಅಷ್ಟಾದ ಮೇಲೆ ಒಣಬಟ್ಟೆ ಉಟ್ಟು ದರ್ಶನ. ಒದ್ದೆಯಲ್ಲಿ ಗರ್ಭಗುಡಿಯ ಕಡೆಗೆ ಬಿಡುವುದಿಲ್ಲ. ಇದನ್ನು ಮೊದಲೇ ತಿಳಿಯದವರು ಒಣಬಟ್ಟೆಯನ್ನು ಲಾಡ್ಜಿನಲ್ಲಿ ಬಿಟ್ಟು ಬಂದು ಗಂಡಹೆಂಡಿರು ಕೋಟಿತೀರ್ಥದ ಹತ್ತಿರ ಜಗಳಕ್ಕೆ ನಿಲ್ಲುತ್ತಾರೆ.

ಪ್ರಶ್ನೆ: ಇಷ್ಟೊಂದು ಪಾಪ ತೊಳೆದ ಅನುಭವ ನಿಮ್ಮದು. ಜನರ ಪಾಪದ ಬಗ್ಗೆ ಏನು ಹೇಳುತ್ತೀರಿ?

ಬಕೆಟ್ಟು: ಬ್ರಹ್ಮಹತ್ಯಾ ವಿಮೋಚನ ಅಂತಲೇ ಒಂದು ತೀರ್ಥವಿದೆ. ಅಲ್ಲಿ ತಲೆಬಗ್ಗಿಸಿದವರನ್ನು ನೋಡುತ್ತೇನೆ, ಯಾರ ಮುಖದಲ್ಲೂ ಬ್ರಹ್ಮಹತ್ಯೆಯ ಕಳೆ ಕಾಣುವುದಿಲ್ಲ. ಬಾಡಿಗೆಯವರ ಅಡ್ವಾನ್ಸ್ ನುಂಗಿದವರು, ತಮ್ಮನ ಸೈಟಿನ ಕಡೆಗೆ ಎರಡಡಿ ಬೇಲಿ ಸರಿಸಿದವರು, ಮಾವನ ಪಿಂಚಣಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವರು, ಇಂಥವರೇ ಹೆಚ್ಚು. ಇಂಥ ಚಿಲ್ಲರೆಗೆ ಬೇರೆ ಬಾವಿ ಇಲ್ಲದ್ದರಿಂದ ದೊಡ್ಡ ಪಾಪದ ಬಾವಿಯಲ್ಲೇ ಸಣ್ಣದನ್ನೂ ತೊಳೆದುಕೊಳ್ಳುತ್ತಾರೆ. ನನ್ನದೇನೂ ಆಕ್ಷೇಪಣೆಯಿಲ್ಲ.

ಪ್ರಶ್ನೆ: ಆದರೂ ನಮ್ಮ ಕಡೆ ಒಂದು ಗಾದೆ ಇದೆ, ರಾಮೇಶ್ವರಕ್ಕೆ ಹೋದರೂ ಶನೀಶ್ವರ ಬಿಡಲಿಲ್ಲ ಅಂತ.

ಬಕೆಟ್ಟು: ಅವನೆಲ್ಲಿ ಬಿಡುತ್ತಾನೆ? ಟೆಂಪೋ ಟ್ರಾವೆಲರಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತು ಬಂದಿರುತ್ತಾನೆ. ದೇವಸ್ಥಾನದೊಳಗೆ ಫೋನ್ ಒಯ್ಯುವಂತಿಲ್ಲ, ಹಾಗಾಗಿ ಅವನನ್ನು ಹೊರಗೆ ಕೌಂಟರಿನಲ್ಲಿ ಕೊಟ್ಟು ಟೋಕನ್ ಇಸಕೊಳ್ಳುತ್ತೀರಿ. ಇಪ್ಪತ್ತೆರಡು ಸ್ನಾನ ಮುಗಿಸಿ, ಅದೇ ಟೋಕನ್ ತೋರಿಸಿ, ಜೋಪಾನವಾಗಿ ವಾಪಸ್ ಪಡೆದುಕೊಳ್ಳುತ್ತೀರಿ.

ಪ್ರಶ್ನೆ: ಒಳಗೆ ಯಾವ ದೇವರಿಗೆ ಮೊದಲ ಪೂಜೆ?

ಬಕೆಟ್ಟು: ರಾಮ ಲಿಂಗ ತರಲು ಹನುಮಂತನನ್ನು ಕೈಲಾಸಕ್ಕೆ ಕಳಿಸಿದ. ಮುಹೂರ್ತ ಮೀರುತ್ತಿತ್ತು, ಸೀತಮ್ಮ ಮರಳಿನಲ್ಲೇ ಲಿಂಗ ಮಾಡಿಕೊಟ್ಟಳು. ಆಮೇಲೆ ಬಂದ ಹನುಮಂತ ಮುನಿಸಿಕೊಂಡ. ಅವನ ಸಮಾಧಾನಕ್ಕೆ ಅವನು ತಂದ ವಿಶ್ವಲಿಂಗಕ್ಕೇ ಮೊದಲ ಪೂಜೆ ಅಂತ ರಾಮ ಅಪ್ಪಣೆ ಮಾಡಿದ. ಇವತ್ತಿಗೂ ಹಾಗೇ ನಡೆಯುತ್ತಿದೆ. ತಡವಾಗಿ ಬಂದು ಮುನಿಸಿಕೊಂಡವನಿಗೆ ಮೊದಲ ಮರ್ಯಾದೆ! ರಾಮಾಯಣದಿಂದ ನಿಮ್ಮ ಪಕ್ಷಗಳು ಸರಿಯಾಗಿ ಕಲಿತದ್ದು ಇದೊಂದನ್ನೇ ಅಂತ ಕಾಣುತ್ತದೆ.

ಪ್ರಶ್ನೆ: ಸಮುದ್ರ ಇಷ್ಟು ಹತ್ತಿರ. ಆದರೂ ಬಾವಿಗಳ ನೀರು ಉಪ್ಪಲ್ಲ. ಇದು ಪವಾಡವಲ್ಲವೇ?

ಬಕೆಟ್ಟು: ಈ ಪ್ರಶ್ನೆ ಕೇಳುವವರಿಗಾಗಿ ಕಾಯುತ್ತಿದ್ದೆ ಸ್ವಾಮಿ. ಸ್ವಲ್ಪ ಹತ್ತಿರ ಬನ್ನಿ. ಈ ದ್ವೀಪವೆಲ್ಲ ಮರಳು, ಹವಳದ ಕಲ್ಲು. ಬಿದ್ದ ಮಳೆ ಹರಿಯುವುದಿಲ್ಲ, ಇಂಗುತ್ತದೆ. ಇಂಗಿದ್ದು ಎಲ್ಲಿಗೆ ಹೋಗಬೇಕು? ಕೆಳಗೆ ಸುತ್ತಲಿಂದ ನುಗ್ಗಿದ ಸಮುದ್ರದ ನೀರಿದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಅದಕ್ಕೇ ಮಳೆಯ ನೀರು ಉಪ್ಪಿನ ನೀರಿನ ಮೇಲೆ, ಮರಳಿನೊಳಗೆ, ತೇಲಿಕೊಂಡು ನಿಂತಿರುತ್ತದೆ. ನಾನು ಮೊಗೆಯುವುದು ಆ ಪದರವನ್ನು. ಮಿತಿಮೀರಿ ಎಳೆದರೆ ಕೆಳಗಿನ ಉಪ್ಪು ಮೇಲಕ್ಕೆ ಏರುತ್ತದೆ. ಹಗ್ಗದ ಬಕೆಟ್ಟಿಗೆ ಆ ಶಕ್ತಿ ಇಲ್ಲ. ಬೋರ್‌ವೆಲ್ ಮೋಟರಿಗೆ ಇದೆ. ನೀವು ಇಳಿದುಕೊಳ್ಳುವ ಲಾಡ್ಜಿನಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ಎಂಬ ಬೋರ್ಡು ನೋಡಿದಾಗ ನನಗೆ ಹೊಟ್ಟೆಯಲ್ಲಿ ತಳಮಳ.

ಪಂಚಮುಖಿ ಹನುಮಂತನ ಗುಡಿಯಲ್ಲಿ ತೊಟ್ಟಿಯೊಳಗೆ ತೇಲುವ ಕಲ್ಲಿದೆ. ಅದನ್ನು ನೋಡಲು ಆಟೋ ಮಾಡಿಕೊಂಡು ಓಡುತ್ತೀರಿ. ಗೂಡುಗೂಡಾದ ಕಲ್ಲು, ಒಳಗೆ ಗಾಳಿ, ತೇಲುತ್ತದೆ. ಚೆನ್ನಾಗಿದೆ, ಕೈ ಮುಗಿಯಿರಿ. ಆದರೆ ತೇಲುವ ನೀರನ್ನು ಇಪ್ಪತ್ತೆರಡು ಸಲ ತಲೆಯ ಮೇಲೆ ಹೊಯ್ಸಿಕೊಂಡೂ ಯಾರೂ ಕಣ್ಣು ಬಿಟ್ಟು ನೋಡುವುದಿಲ್ಲ.

*(ಇಲ್ಲಿ ಒಂದು ನಾಯಿ ಬಂದು ಬಕೆಟ್ಟನ್ನು ಮೂಸಿತು. ಬಕೆಟ್ಟು ಉಸಿರು ಬಿಗಿಹಿಡಿಯಿತು. ನಾಯಿ ಮನಸ್ಸು ಬದಲಿಸಿ ಮುಂದೆ ಹೋಯಿತು.)*

ಪ್ರಶ್ನೆ: ಯಾತ್ರೆಗೆ ಹೋದವರು ಏನಾದರೂ ಬಿಟ್ಟು ಬರಬೇಕು ಅನ್ನುತ್ತಾರಲ್ಲ?

ಬಕೆಟ್ಟು: ಕಾಶಿಯಲ್ಲಿ ನಿಮ್ಮವರು ತರಕಾರಿ ಬಿಡುತ್ತಾರಂತೆ. ಜನ್ಮದಲ್ಲಿ ತಿನ್ನದ ಹಾಗಲಕಾಯಿಯನ್ನು ಗಂಗೆಯ ಸಾಕ್ಷಿಯಾಗಿ ತ್ಯಾಗ ಮಾಡಿದ ಒಬ್ಬ ದೊಡ್ಡಪ್ಪನ ವಿಷಯ ನಿಮ್ಮೂರಿನವರೇ ಸರತಿಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದರು. ಇಲ್ಲಿ ಬಿಡುವುದು ಬಟ್ಟೆ. ಅಗ್ನಿತೀರ್ಥದಲ್ಲಿ ಮಿಂದು, ಉಟ್ಟ ಸೀರೆ ಪಂಚೆಗಳನ್ನು ನೀರಿಗೇ ಬಿಟ್ಟರೆ ದೋಷ ಕಳೆಯುತ್ತದೆ ಅಂತ ಯಾರೋ ಹೇಳಿದ್ದಾರೆ. ದೋಷ ಕಳೆಯಿತೋ ಇಲ್ಲವೋ, ಸೀರೆ ಕಳೆಯುವುದಿಲ್ಲ. ಪಾಲಿಯೆಸ್ಟರ್ ನೋಡಿ. ಮುಂದಿನವರ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಿಂದಿನ ಬಸ್ಸಿನವರ ದೋಷವನ್ನು ಕಾಲಿಂದ ಬಿಡಿಸಿಕೊಂಡು ತಮ್ಮದನ್ನು ಬಿಡುತ್ತಾರೆ. ದ್ವೀಪದಲ್ಲಿ ‘ಆಚೆ’ ಎಂಬ ಜಾಗವಿಲ್ಲ ಸ್ವಾಮಿ. ಬಿಟ್ಟಿದ್ದೆಲ್ಲ ಇಲ್ಲೇ ಇರುತ್ತದೆ.

ಹಳೆಯ ಪದ್ಧತಿಯಲ್ಲಿ ಬಿಡುವುದಕ್ಕಿಂತ ಹೊರುವುದು ಹೆಚ್ಚಿತ್ತು. ಸೇತುವಿನ ಮರಳನ್ನು ಗಂಟು ಕಟ್ಟಿ ಪ್ರಯಾಗಕ್ಕೆ ಒಯ್ದು ಬಿಡುವುದು, ಗಂಗೆಯ ನೀರು ತಂದು ಇಲ್ಲಿ ರಾಮನಾಥನಿಗೆ ಅಭಿಷೇಕ ಮಾಡಿಸುವುದು. ಕಾಲ್ನಡಿಗೆಯ ಕಾಲದಲ್ಲಿ ತಿಂಗಳುಗಟ್ಟಲೆ ಒಂದು ಹಿಡಿ ಮರಳು ಹೊತ್ತವನು ದಾರಿಯಲ್ಲಿ ಇನ್ನೇನನ್ನೂ ಎಸೆದಿರಲಾರ.

ಪ್ರಶ್ನೆ: ಕನ್ನಡಿಗರಿಗೆ ಇಲ್ಲಿ ವಿಶೇಷ ಸಂಬಂಧವೇನಾದರೂ?

ಬಕೆಟ್ಟು: ಇಲ್ಲಿನ ಅರ್ಚಕರು ಮಹಾರಾಷ್ಟ್ರ ಮೂಲದವರು, ಶೃಂಗೇರಿ ಮಠದಿಂದ ದೀಕ್ಷೆ ಪಡೆಯುವವರು. ಇದು ಗೊತ್ತಾದ ಕೂಡಲೇ ನಿಮ್ಮವರು ಸರತಿಯಲ್ಲಿ ‘ನಾವು ಶೃಂಗೇರಿ ಕಡೆಯವರೇ’ ಅನ್ನುತ್ತಾರೆ. ಮೊನ್ನೆ ಹಾಗೆ ಅಂದವರು ಬಳ್ಳಾರಿಯವರು. ಸರತಿ ಒಂದಂಗುಲವೂ ಸರಿಯಲಿಲ್ಲ.

ಪ್ರಶ್ನೆ: ಉದ್ದದ ಪ್ರಾಕಾರ?

ಬಕೆಟ್ಟು: ಹೊರಪ್ರಾಕಾರ ರಾಮನಾಡಿನ ಸೇತುಪತಿ ದೊರೆಗಳ ಕಾಲದ್ದು, ಹದಿನೆಂಟನೆಯ ಶತಮಾನ. 1212 ಕಂಬ ಅನ್ನುತ್ತಾರೆ. ಒದ್ದೆಗಾಲಿನಲ್ಲಿ ಓಡುವವರು ಅದನ್ನು ಹಿಡಿದುಕೊಳ್ಳಲು ಬಳಸುತ್ತಾರೆ.

ಪ್ರಶ್ನೆ: ಲಂಕೆಗೆ ಸೇತುವೆ ಕಟ್ಟಿದ ನಳ, ನೀಲರಿಗೂ ಒಂದೊಂದು ತೀರ್ಥವಿದೆಯಲ್ಲ?

ಬಕೆಟ್ಟು: ಎಂಜಿನಿಯರುಗಳಿಗೆ ಬಾವಿ ಕೊಟ್ಟ ಏಕೈಕ ದೇವಸ್ಥಾನ ಇರಬೇಕು! ವಾಲ್ಮೀಕಿ ಲೆಕ್ಕ ಕೊಟ್ಟಿದ್ದಾನೆ: ಮೊದಲ ದಿನ ಹದಿನಾಲ್ಕು ಯೋಜನ, ಎರಡನೆಯ ದಿನ ಇಪ್ಪತ್ತು, ಆಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಐದೇ ದಿನದಲ್ಲಿ ನೂರು. ದಿನದಿನಕ್ಕೂ ಕೆಲಸ ಏರಿದೆ, ಗಮನಿಸಿ. ಟೆಂಡರ್ ಇರಲಿಲ್ಲ.

ಆಮೇಲಿನವರೂ ಕಡಿಮೆಯಲ್ಲ. ಪಾಂಬನ್ ರೈಲು ಸೇತುವೆ 1914ರ ಫೆಬ್ರವರಿಯಲ್ಲಿ ತೆರೆಯಿತು. ಹಡಗು ಬಂದರೆ ನಡುವಿನ ಭಾಗ ಎರಡು ರೆಕ್ಕೆಯಾಗಿ ಮೇಲೇಳುತ್ತಿತ್ತು. 1964ರ ಚಂಡಮಾರುತದಲ್ಲಿ ಅದರ ತೊಲೆಗಳು ಸಮುದ್ರಕ್ಕೆ ಬಿದ್ದಾಗ ಇ. ಶ್ರೀಧರನ್ ಎಂಬ ಯುವ ಎಂಜಿನಿಯರ್ 46 ದಿನದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಆಮೇಲೆ ನಿಮ್ಮ ಕರಾವಳಿಯಲ್ಲಿ ಕೊಂಕಣ ರೈಲು ಹಾಕಿದವರೂ ಅವರೇ. ಮುದಿ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲಿನ ಓಡಾಟ ನಿಂತಿತು. 2025ರ ರಾಮನವಮಿಯಂದು ಪಕ್ಕದಲ್ಲೇ ಹೊಸದು ಬಂತು. ಇದು ರೆಕ್ಕೆ ಬಿಚ್ಚುವುದಿಲ್ಲ, 72.5 ಮೀಟರಿನ ತುಂಡು ಲಿಫ್ಟಿನ ಹಾಗೆ ನೆಟ್ಟಗೆ ಮೇಲೇರುತ್ತದೆ. ನನ್ನ ಕಸುಬನ್ನೇ ದೊಡ್ಡದಾಗಿ ಮಾಡುತ್ತದೆ, ಅಷ್ಟೇ. ಅದಕ್ಕೆ ಉದ್ಘಾಟನೆ ಆಯಿತು.

ಪ್ರಶ್ನೆ: ಧನುಷ್ಕೋಡಿಗೆ ಹೋಗಿದ್ದೀರಾ? ‘ದೆವ್ವದ ಊರು’ ಅಂತ ಎಲ್ಲರೂ ವಿಡಿಯೋ ಹಾಕುತ್ತಾರೆ.

ಬಕೆಟ್ಟು: *(ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ.)* ನೋಡಿ, ಅಲ್ಲಿ ರೈಲು ನಿಲ್ದಾಣ, ಅಂಚೆ ಕಚೇರಿ, ಚರ್ಚು ಎಲ್ಲ ಇದ್ದವು. ಮದ್ರಾಸಿನಿಂದ ಬೋಟ್ ಮೇಲ್ ಬಂದು ನಿಲ್ಲುತ್ತಿತ್ತು, ಜನ ಹಡಗು ಹತ್ತಿ ತಲೈಮನ್ನಾರಿಗೆ, ಸಿಲೋನಿಗೆ ಹೋಗುತ್ತಿದ್ದರು. 1964ರ ಡಿಸೆಂಬರ್ 22ರ ರಾತ್ರಿ ಸಮುದ್ರ ಬಂತು. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಜನರ ಸಮೇತ ಹೋಯಿತು. ನೂರಕ್ಕೂ ಹೆಚ್ಚು ಮಂದಿ ಅದರಲ್ಲೇ. ದಾರಿಯ ಕೋದಂಡರಾಮನ ಗುಡಿ ಉಳಿಯಿತು. ಊರು ವಾಸಕ್ಕೆ ತಕ್ಕದ್ದಲ್ಲ ಎಂದು ಸರ್ಕಾರ ಬರೆದಿಟ್ಟಿತು.

ಈಗ ದ್ವೀಪದ ತುದಿಯ ಅರಿಚಲ್‌ಮುನೈವರೆಗೆ ಟಾರು ರಸ್ತೆ. ಮೊದಲು ಜೀಪಿನಲ್ಲಿ ಮರಳಲ್ಲಿ ಕುಲುಕಿಕೊಂಡು ಹೋಗಬೇಕಿತ್ತು. ಚರ್ಚಿನ ಮುರುಕು ಗೋಡೆಯ ಮುಂದೆ ಕೂದಲು ಸರಿಮಾಡಿಕೊಂಡು ನಿಲ್ಲುತ್ತಾರೆ. ಇರಲಿ. ಆದರೆ ದೆವ್ವದ ಊರು ಅನ್ನುವಾಗ ಬೆನ್ನ ಹಿಂದೆ ಚಿಪ್ಪಿನ ಸರ ಮಾರುವ ಹೆಂಗಸು ನಿಂತಿರುತ್ತಾಳೆ. ಅವಳ ಮನೆ ಅಲ್ಲೇ, ಮೀನುಗಾರರ ಗುಡಿಸಲುಗಳು ಅಲ್ಲೇ. ನಲ್ಲಿಯಿಲ್ಲದ ಕಡೆ ಅವರು ಮರಳಲ್ಲಿ ಕೈಯಾರೆ ಗುಂಡಿ ತೋಡಿ ಸಿಹಿನೀರು ತೆಗೆಯುತ್ತಾರೆ. ನಾನು ಹೇಳಿದೆನಲ್ಲ, ಅದೇ ತೇಲುವ ನೀರು. ಬಸಿದು ಬರುವಷ್ಟನ್ನು ಚೊಂಬಿನಲ್ಲಿ ಮೊಗೆದು ಬಿಂದಿಗೆ ತುಂಬುತ್ತಾರೆ. ಅದಕ್ಕೆ ಚೀಟಿ ಇಲ್ಲ, ಮಂತ್ರ ಇಲ್ಲ, ಮಿಂದು ಮುಗಿಸಿ ಮನೆಗೆ ಹೋಗುವ ಪ್ರಶ್ನೆಯೂ ಇಲ್ಲ. ಇಪ್ಪತ್ತಮೂರನೆಯ ತೀರ್ಥ ಅಂತ ಲೆಕ್ಕಕ್ಕೆ ಸೇರಿಸಬೇಕಿದ್ದರೆ ನಾನು ಅದನ್ನು ಸೇರಿಸುತ್ತೇನೆ.

ಪ್ರಶ್ನೆ: ಕಲಾಂ ಅವರ ಮನೆ, ಸ್ಮಾರಕ ಕೂಡ ಇಲ್ಲೇ ಇದೆ. ಅವರ ಬಗ್ಗೆ?

ಬಕೆಟ್ಟು: ಮಸೀದಿ ಬೀದಿಯ ಹುಡುಗ. ಅವರ ತಂದೆ ದೋಣಿ ಕಟ್ಟಿಸಿ ಯಾತ್ರಿಕರನ್ನು ಧನುಷ್ಕೋಡಿಗೆ ದಾಟಿಸುತ್ತಿದ್ದರು. ದೊಡ್ಡ ದೇವಸ್ಥಾನದ ಪ್ರಧಾನ ಅರ್ಚಕರು ಅವರ ಗೆಳೆಯರು, ಸಂಜೆ ಕೂತು ಹರಟುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈಲು ಇಲ್ಲಿ ನಿಲ್ಲುತ್ತಿರಲಿಲ್ಲ. ಓಡುವ ರೈಲಿನಿಂದ ಎಸೆದ ಪೇಪರ್ ಕಟ್ಟನ್ನು ಹಿಡಿಯುವುದು ಆ ಹುಡುಗನ ಮೊದಲ ಸಂಪಾದನೆ. ಈಗ ಸ್ಮಾರಕಕ್ಕೆ ಹೋಗುವವರು ಕ್ಷಿಪಣಿಯ ಮಾದರಿಯ ಪಕ್ಕ ನಿಲ್ಲುತ್ತಾರೆ. ಅರ್ಚಕರೂ ದೋಣಿಯವರೂ ಹರಟಿದ ಜಗಲಿಯ ಮಾದರಿಯನ್ನೂ ಮಾಡಿಟ್ಟಿದ್ದರೆ ಚೆನ್ನಿತ್ತು. ಅದನ್ನು ಮತ್ತೆ ಕಟ್ಟುವುದು ಕ್ಷಿಪಣಿಗಿಂತ ಕಷ್ಟ ಅಂತ ಕೇಳಿದ್ದೇನೆ.

ಪ್ರಶ್ನೆ: ಕೊನೆಯದಾಗಿ, ಯಾತ್ರಿಕರಿಗೆ ನಿಮ್ಮ ಸಲಹೆ?

ಬಕೆಟ್ಟು: ಬೆಳಿಗ್ಗೆ ರಾಮೇಶ್ವರ, ರಾತ್ರಿ ಕನ್ಯಾಕುಮಾರಿ ಅಂತ ಪ್ಯಾಕೇಜು ಮಾಡಿಕೊಂಡು ಬರುತ್ತೀರಿ. ಅದರಲ್ಲೇ ಗಂಧಮಾದನದ ರಾಮಪಾದ, ವಿಲ್ಲೂಂಡಿ ತೀರ್ಥ, ಧನುಷ್ಕೋಡಿ, ಊಟ, ಶಂಖದ ಅಂಗಡಿ. ಗಾಡಿಯ ಡ್ರೈವರ್ ಹಾರ್ನ್ ಹೊಡೆದರೆ ಕೋಟಿತೀರ್ಥದ ಬಳಿ ನಿಮ್ಮ ಕಣ್ಣು ಬಾಗಿಲ ಕಡೆ. ನಾನು ನೀರು ಹಾಕಿದ್ದು ನಿಮ್ಮ ಹಿಂದಲೆಗೆ…

ಮಾತು ಅಲ್ಲಿಗೆ ನಿಂತಿತು. ಬಾಗಿಲು ತೆರೆದಿತ್ತು. ಯಜಮಾನ ವೀಳ್ಯ ಉಗುಳಿ ಬಂದು ಬಕೆಟ್ಟನ್ನು ಎತ್ತಿಕೊಂಡ. ಮಂಡ್ಯದಿಂದ ಬಂದ ಒಂದು ತಂಡ ಅವನ ಬೆನ್ನು ಹಿಡಿದು ಓಡಿತು. ಅರ್ಧಗಂಟೆಯ ಮೇಲೆ ಕೋಟಿತೀರ್ಥದ ಬಳಿ ಮತ್ತೆ ಕಂಡರು. ತಂಡದ ಹಿರಿಯರು ದಾರಿಯುದ್ದಕ್ಕೂ ಬೆರಳು ಮಡಿಸುತ್ತಾ ಲೆಕ್ಕವಿಟ್ಟಿದ್ದರು. ಅವರ ಪ್ರಕಾರ ಇನ್ನೂ ಇಪ್ಪತ್ತೊಂದೇ ಆಗಿತ್ತು, ಚೀಟಿಯ ಪ್ರಕಾರ ಇಪ್ಪತ್ತೆರಡೂ ಮುಗಿದಿತ್ತು. ‘ಒಂದು ಬಾಕಿ ಇದೆ ಕಣಪ್ಪಾ, ಹಾಕು,’ ಎಂದು ತಲೆ ಬಗ್ಗಿಸಿ ನಿಂತೇಬಿಟ್ಟರು.

ಯಜಮಾನ ಬಕೆಟ್ಟಿನ ಮುಖ ನೋಡಿದ. ಬಕೆಟ್ಟು ಇನ್ನೊಮ್ಮೆ ಬಾವಿಗೆ ಬಿತ್ತು.