ಅಲ್ಲಿ ಹುಳ ಇಲ್ಲ ಬಿಡ್ರಿ

ಓಣಿಯಲ್ಲಿ ಯಾರ ಮನೆಯಲ್ಲಿ ಚೇಳು ಕಂಡರೂ ಮಡಿಕೇರಿ ಕಾಕಾ ಅವರಿಗೆ ಹೇಳಿಕಳಿಸುವುದು ಭಂಕೂರದ ರಿವಾಜು. ಕಾಕಾ ಹುಟ್ಟಿದ್ದು, ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದದ್ದು, ಈಗ ಪಿಂಚಣಿ ಎಣಿಸುತ್ತಿರುವುದು ಎಲ್ಲ ಈ ಸೀಮೆಯಲ್ಲೇ. ಎಂದೋ ಒಂದು ಸಂಕ್ರಾಂತಿ ರಜೆಯಲ್ಲಿ ಎಲ್‌ಟಿಸಿ ಮೇಲೆ ಮಡಿಕೇರಿ ನೋಡಿ ಬಂದರು. ಅಂದಿನಿಂದ ಅವರ ದೇಹ ಭಂಕೂರದಲ್ಲಿ, ಬಾಯಿ ಮಡಿಕೇರಿಯಲ್ಲಿ.

ನಮ್ಮದು ಶಹಾಬಾದ ಕಲ್ಲಿನ ನಾಡು. ನೆಲಕ್ಕೆ ಅದೇ ಪರಸಿ, ಗೋಡೆಗೆ ಅದೇ ಕಲ್ಲು. ಪದರುಪದರಾಗಿ ಏಳುವ ಈ ಸುಣ್ಣದ ಕಲ್ಲಿನ ಸಂದಿ ಚೇಳಿಗೆ ಬಾಡಿಗೆಯಿಲ್ಲದ ಮನೆ. ಕಾಕಾ ಬರುವಾಗ ಅಂಗಡಿಯವರು ಖೋಟಾ ನೋಟು ಪರೀಕ್ಷಿಸುವ ನೀಲಿ ಬ್ಯಾಟರಿ ತರುತ್ತಾರೆ. ಮನೆಯ ದೀಪವೆಲ್ಲ ಆರಿಸಿ, ಮಕ್ಕಳನ್ನು ಮಂಚದ ಮೇಲೆ ಹತ್ತಿಸಿ, ಸಂದಿಗೆ ಬೆಳಕು ಬಿಡುತ್ತಾರೆ. ಆ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ, ಐನೂರರ ನೋಟಿಗಿಂತ ಚಂದ. ಇಕ್ಕಳದಿಂದ ಎತ್ತಿ ಡಬ್ಬಿಗೆ ಹಾಕಿದ ಮೇಲೆ ಭಾಷಣ ಶುರು.

“ಮಡಿಕೇರ್‍ಯಾಗ ಮನ್ಯಾಗ ಒಂದ್ ಇರಿವಿ ಸೈತ ಕಾಣಂಗಿಲ್ಲ ನೋಡ್ರಿ. ಆ ತಂಪಿಗಿ ಹುಳಹುಪ್ಪಡಿ ಬದುಕ್ತಾವೇನು?”

ಮೊದಲ ಮಳೆಗೆ ರೆಕ್ಕೆ ಗೆದ್ದಲು ಬಲ್ಬಿಗೆ ಮುತ್ತಿ ಸಾರಿನಲ್ಲಿ ಬಿದ್ದರೂ ಇದೇ ಮಾತು. ಕೇಳಿ ಕೇಳಿ ಬೇಸತ್ತ ಕಾಕು ಒಂದು ಆಷಾಢದಲ್ಲಿ, “ಹಂಗಾದ್ರ ನಡೀರಿ, ಇನ್ನೊಮ್ಮಿ ನೋಡೇ ಬರೋಣ” ಎಂದರು. ನಾವೂ ಗಂಟುಬಿದ್ದೆವು. ವಾಡಿಯಲ್ಲಿ ಬಸವ ಎಕ್ಸ್‌ಪ್ರೆಸ್ ಹತ್ತಿ ಮೈಸೂರು. ಕೊಡಗಿಗೆ ರೈಲೇ ಇಲ್ಲವಲ್ಲ, ಮುಂದೆ ಬಸ್ಸು.

ಜನವರಿಯ ಮಡಿಕೇರಿ ಬೇರೆ, ಆಷಾಢದ ಮಡಿಕೇರಿ ಬೇರೆ ಎಂಬುದು ಕಾಕಾ ಅವರಿಗೆ ರೂಮಿನ ಬಚ್ಚಲಲ್ಲೇ ತಿಳಿಯಿತು. ಅಲ್ಲೊಂದು ಜೀರುಂಡೆ ಸಂಗೀತಕ್ಕೆ ಕೂತಿತ್ತು. ಗೋಡೆಯ ತುಂಬ ಅಂಗೈ ಅಗಲದ ಪತಂಗಗಳು. ದಿಂಬಿನ ಹತ್ತಿರ ಮುಟ್ಟಿದರೆ ಸುರುಳಿ ಸುತ್ತುವ ಚೋರಟೆ. ರಾಜಾಸೀಟಿನಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಅಬ್ಬಿ ಜಲಪಾತ ನೋಡಿ ಕಾಫಿ ತೋಟದ ಹಾದಿಯಲ್ಲಿ ಮರಳುವಾಗ ಕಾಕಾ ಅವರ ಬಿಳಿ ಕಾಲುಚೀಲ ಕೆಂಪಾಗಿತ್ತು. ಜಿಗಣೆ! ಕಡಿದದ್ದು ನೋಯುವುದಿಲ್ಲ, ರಕ್ತ ಮಾತ್ರ ಬೇಗ ನಿಲ್ಲುವುದಿಲ್ಲ. ಚಹಾದಂಗಡಿಯಾಕೆ ನಗುತ್ತ ಉಪ್ಪು ತಂದು ಸುರಿದಳು.

ಕಾಕಾ ಅಲ್ಲೇ ಬೆಂಚಿನ ಮೇಲೆ ಕೂತು ಅಂಗಡಿಯಾಕೆಗೆ ಭಂಕೂರದ ಮಹಿಮೆ ಹೇಳತೊಡಗಿದರು: “ನಮ್ಮ ಕಡಿ ಚೇಳು ಮಾನಸ್ತ ಪ್ರಾಣಿ ಇರ್‍ತಾದವ್ವ. ಕಡದ್ರ ಕಡದೀನಿ ಅಂತ ತಿಳಿಸ್ತದ. ಹಿಂಗ ಕದ್ದು ರಕ್ತ ಕುಡಿಯಂಗಿಲ್ಲ. ಯಾದಗಿರಿ ಕಡಿ ಕಂದಕೂರ ಗುಡ್ಡದಾಗ ನಾಗರ ಪಂಚಮಿಗಿ ಸಣ್ಣ ಹುಡುಗೂರು ಸೈತ ಚೇಳ ಕೈಮ್ಯಾಲ ಬಿಟ್ಕೊಂಡು ಆಡ್ತಾವ. ಇನ್ನ ನಮ್ಮ ಬಿಸಲಿಗಿ ಹುಳಹುಪ್ಪಡಿ ಬದುಕ್ತಾವೇನು?”

ಕಂದಕೂರದ ಚೇಳಿನ ಜಾತ್ರೆ ಸುಳ್ಳಲ್ಲ, ಯಾರು ಬೇಕಾದರೂ ಹೋಗಿ ನೋಡಬಹುದು. ಉಳಿದದ್ದಕ್ಕೆ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ತಾವು ಇಲ್ಲದ ಊರೇ ಅವರಿಗೆ ಸ್ವರ್ಗ. ಸುಳ್ಳುಗಾರರೆಂದು ಜರಿಯುವಂತಿಲ್ಲ, ಪಾಪ. ಅವರಿಗೆ ನೆನಪಿನಲ್ಲಿ ಹುಳ ಉಳಿಯುವುದಿಲ್ಲ, ಅಷ್ಟೇ.

ವಾಡಿಯಲ್ಲಿ ಇಳಿದು ಬಿಸಿಗಾಳಿ ಮುಖಕ್ಕೆ ರಾಚಿದ್ದೇ ತಡ, ಕಾಕಾ ನಿಟ್ಟುಸಿರುಬಿಟ್ಟರು. “ಏನೇ ಅನ್ರಿ, ಆ ಜಿಗಳಿ ಕೆಟ್ಟ ರಕ್ತ ಎಲ್ಲಾ ಹೀರ್‍ಯಾದ. ಮೊಣಕಾಲ ನೋವು ಇಲ್ಲೇ ಇಲ್ಲ ಈಗ.”

ನೀವು ಮಳೆಗಾಲದಲ್ಲಿ ಮಡಿಕೇರಿಗೆ ಹೋಗುವುದಾದರೆ ಒಂದು ಪೊಟ್ಟಣ ಉಪ್ಪು ಒಯ್ಯಿರಿ. ಭಂಕೂರಕ್ಕೆ ಬಂದರೆ ಚಪ್ಪಲಿ ಝಾಡಿಸಿ ಮೆಟ್ಟಿಕೊಳ್ಳಿ. ಎರಡಕ್ಕೂ ಕಾಕಾ ಅವರ ಸಲಹೆ ಮಾತ್ರ ಕೇಳಬೇಡಿ.