ಗ್ವಾಡಿ ಆಚೆ ಬಿದ್ದ ಬಾಲ್

ಭಾತಂಬ್ರಾದ ಗಢಿಯ ಕಡೆ ಬಿಸಿಲು ಇಳಿಯಿತೆಂದರೆ ನಮ್ಮ ಓಣಿಯ ಹುಡುಗರು ಎರಡು ಕಂಬಕ್ಕೆ ನೆಟ್ ಬಿಗಿದು ವಾಲಿಬಾಲ್ ಶುರು ಮಾಡುತ್ತಾರೆ. ನಿನ್ನೆ ಒಬ್ಬನ ಹೊಡೆತಕ್ಕೆ ಬಾಲ್ ಹಾರಿ, ಬಾಜೂ ಮನೆ ಕಾಕು ಒಣಹಾಕಿದ್ದ ತೊಗರಿಬೇಳೆ ಮೇಲೆ ಬಿತ್ತು. ಬೈತಾರೆ ಅಂದುಕೊಂಡೆ. ಅವರು ಬಾಲನ್ನು ಸೆರಗಿನಿಂದ ಒರೆಸಿ ಗ್ವಾಡಿ ಮೇಲೆ ಇಟ್ಟರು.

"ಮಾಸ್ತರ್ರ, ನಮ್ಮ ಮೊಮ್ಮಗನೂ ಬಾಲ್ ತಗೊಂಡು ಫಿಲಿಪೈನ್ಸಿಗೆ ಹೊಂಟಾನ್ರಿ."

ಕಾಕು ಅವರ ತವರು ಬೀದರಿನ ಮಂಗಲಪೇಟೆ, ಮೆಥೋಡಿಸ್ಟ್ ಮನೆತನ. ಮಗಳು ಅಮೆರಿಕದಲ್ಲಿದ್ದಾಳೆ. ಮೊಮ್ಮಗ ಅಲ್ಲಿಯ ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮಿನವನು. ಹತ್ತು ದಿನ ಇಡೀ ಟೀಮು ಹೋಗಿ ಆಡುವುದು, ಮಕ್ಕಳಿಗೆ ಆಟ ಕಲಿಸುವುದು, ಯೇಸುಸ್ವಾಮಿಯ ಮಾತು ಹೇಳುವುದು ಅಂತ ಗೊತ್ತಾಗಿದೆ.

"ಆಟಕ್ಕೂ ದೇವರ ಮಾತಿಗೂ ಏನ್ ಸಂಬಂಧ್ರಿ? ನಮ್ಮ ಕಾಲದಾಗ ಪಾದ್ರಿಗಳು ದವಾಖಾನಿ, ಸಾಲಿ ಕಟ್ಟಸ್ತಿದ್ರು."

ನಾನು ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿದ್ದವನು. ಇಂಥ ಮಾತು ಬಂದರೆ ಚಹಾ ಆರಿದ್ದೂ ಗೊತ್ತಾಗುವುದಿಲ್ಲ. "ಕಾಕು, ಇದು ಹೊಸಾದಲ್ರಿ" ಅಂದೆ. 1952ರಲ್ಲೇ ಅಮೆರಿಕದ ಟೇಲರ್ ಯೂನಿವರ್ಸಿಟಿಯ ಕೋಚ್ ಡಾನ್ ಓಡ್ಲ್ ತನ್ನ ಬಾಸ್ಕೆಟ್‌ಬಾಲ್ ಹುಡುಗರನ್ನು ತೈವಾನಿಗೆ ಕರೆದೊಯ್ದಿದ್ದ. ಅರ್ಧ ಆಟ ಮುಗಿದು ಎಲ್ಲರೂ ದಣಿವಾರಿಸಿಕೊಳ್ಳುವ ಹೊತ್ತಿಗೆ ಇವರು ಜನರ ಮುಂದೆ ನಿಂತು ಹಾಡುತ್ತಿದ್ದರು, ತಮ್ಮ ನಂಬಿಕೆಯ ಮಾತು ಹೇಳುತ್ತಿದ್ದರು. ಆ ಪ್ರವಾಸದ ಹೆಸರು 'ವೆಂಚರ್ ಫಾರ್ ವಿಕ್ಟರಿ'.

ಅದಕ್ಕೂ ಹಿಂದೆ ಕೇಂಬ್ರಿಜಿನ ಸಿ.ಟಿ. ಸ್ಟಡ್. ಇಂಗ್ಲೆಂಡ್ 1882ರಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾಕ್ಕೆ ಏಳು ರನ್ನಿನಿಂದ ಸೋತಾಗ, ಒಂದು ಬಾಲನ್ನೂ ಎದುರಿಸದೆ ಆ ತುದಿಯಲ್ಲಿ ನಿಂತೇ ಇದ್ದ ಬ್ಯಾಟ್ಸ್‌ಮನ್ ಅವನೇ. ಮೂರೇ ವರ್ಷಕ್ಕೆ, ಅಂಥ ಹೆಸರು ಬಿಟ್ಟು ಆರು ಜನ ಸಂಗಾತಿಗಳ ಜೊತೆ ದೇವರ ಮಾತು ಹೇಳಲು ಚೀನಾಕ್ಕೆ ಹೊರಟ. ತಂದೆಯಿಂದ ಬಂದ ಆಸ್ತಿ ಹಂಚಿಬಿಟ್ಟ. ಮುಂದೆ 1900ರಿಂದ 1906ರವರೆಗೆ ನಮ್ಮ ಊಟಿಯಲ್ಲಿ ಪಾದ್ರಿಯಾಗಿದ್ದ.

"ಊಟ್ಯಾಗ?" ಕಾಕು ಮೊರವನ್ನು ಗ್ವಾಡಿ ಮೇಲಿಟ್ಟು ಮೊಣಕೈ ಊರಿದರು.

ಕಾಶ್ಮೀರದ ಕಥೆ ಹೇಳದಿರಲು ಆಗಲಿಲ್ಲ. ಟಿಂಡೇಲ್ ಬಿಸ್ಕೋ ಕೇಂಬ್ರಿಜಿನ ದೋಣಿ ಟೀಮಿನಲ್ಲಿ ಚುಕ್ಕಾಣಿ ಹಿಡಿದವನು. 1891ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಫುಟ್‌ಬಾಲ್ ತಂದ. ಪಂಡಿತರ ಹುಡುಗರು ಚರ್ಮದ ಚೆಂಡು ಮುಟ್ಟಲೊಲ್ಲರು. ಮಾಸ್ತರರ ಕೈಗೆ ಬಡಿಗೆ ಕೊಟ್ಟು ಸುತ್ತ ನಿಲ್ಲಿಸಿ ಆಡಿಸಿದ. ಒಬ್ಬನ ಮುಖಕ್ಕೆ ಚೆಂಡು ಬಡಿದು, ಮೈಲಿಗೆಯಾಯಿತೆಂದು ಅತ್ತ. ನೀರಿಗೆ ಕರೆದೊಯ್ದು ಮುಖ ತೊಳೆಸಿ ಮತ್ತೆ ಆಟ ಶುರು ಮಾಡಿಸಿದರು. ಮುಂದೆ ಅದೇ ಶಾಲೆಯ ಹುಡುಗರು ಈಜು, ದೋಣಿ, ಗುಡ್ಡ ಹತ್ತುವುದು ಎಲ್ಲಾ ಕಲಿತರು. ಆದರೆ ಬಡಿಗೆ ತೋರಿಸಿ ಆಡಿಸಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಹೆದರಿದ ಹುಡುಗ ಓಡುತ್ತಾನೆ, ಆಡುವುದಿಲ್ಲ. ಮಕ್ಕಳ ನಡುವೆ ಇಷ್ಟು ವರ್ಷ ಇದ್ದು ನಾನು ಕಂಡುಕೊಂಡದ್ದು ಇದೊಂದೇ.

"ಅಂದ್ರ ನಮ್ಮ ಹುಡುಗ ಹತ್ ದಿನದಾಗ ಏನ್ ಮಾಡಿ ಬಂದಾನ್ರಿ?" ಕಾಕು ಮುಖದಲ್ಲಿ ಚಿಂತೆ ಇತ್ತು. "ಹೋಗೋದು, ಹೇಳೋದು, ಬರೋದು."

ಅದಕ್ಕೆ ಅವರ ತೊಗರಿಯಲ್ಲಿ ಬಿದ್ದಿದ್ದ ಬಾಲನ್ನೇ ಎತ್ತಿ ತೋರಿಸಿದೆ. ವಾಲಿಬಾಲ್ ಹುಟ್ಟಿದ್ದೇ ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಯಲ್ಲಿ, 1895ರಲ್ಲಿ. ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಕಟ್ಟಿದ ಆಟ ಇದು. ಬಾಸ್ಕೆಟ್‌ಬಾಲ್ ಅದಕ್ಕಿಂತ ನಾಲ್ಕು ವರ್ಷ ಮೊದಲು, ಅದೂ ವೈ.ಎಂ.ಸಿ.ಎ.ಯದೇ. ಹ್ಯಾರಿ ಕ್ರೋ ಬಕ್ ಎಂಬಾತ ಅಮೆರಿಕದಿಂದ ಬಂದು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದ. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತದ ಟೀಮಿಗೆ ಅವನೇ ಮ್ಯಾನೇಜರ್. ಬಂದವನು ವಾಪಸ್ ಹೋಗಿ ನೆಲೆಸಲಿಲ್ಲ, 1943ರಲ್ಲಿ ಇಲ್ಲೇ ತೀರಿಕೊಂಡ. ನನಗೆ ಟ್ರೇನಿಂಗ್ ಕೊಟ್ಟ ಗುರುಗಳು ಆ ಕಾಲೇಜಿನಲ್ಲಿ ಕಲಿತವರು. ಅವರು ಕಲಿಸಿದ ಸರ್ವಿಸನ್ನೇ ನಾನು ಈ ಬಯಲಿನಲ್ಲಿ ಕಲಿಸಿದ್ದು. ಆಡುವವರಲ್ಲಿ ಲಿಂಗಾಯತರ ಹುಡುಗರಿದ್ದಾರೆ, ಮುಸಲ್ಮಾನರಿದ್ದಾರೆ, ಹೊಲಗೇರಿಯವರಿದ್ದಾರೆ. ಒಂದೇ ಬಾಲು, ಎಲ್ಲರ ಕೈಯೂ ತಾಗುತ್ತದೆ.

ಕಾಕು ಸ್ವಲ್ಪ ಹೊತ್ತು ಆ ಹುಡುಗರನ್ನೇ ನೋಡಿದರು. ಆಮೇಲೆ, "ಈ ಬಾಲ್ ಯಾರ್ ತಂದಾರ್ರಿ?" ಅಂದರು.

"ಪಟ್ಟಿ ಹಾಕಿ ತಂದಾರ. ಹ್ವಾದ ತಿಂಗಳು ಒಂದು ಜಾಲಿ ಮುಳ್ಳಿಗೆ ಹ್ವಾಯ್ತು. ಮತ್ತೊಂದ್ ಬರೋತನಕ ಇಪ್ಪತ್ ದಿನ ಆಟಾನೇ ಇಲ್ಲ."

ಒಳಗೆ ಹೋದವರು ಫೋನ್ ತಂದರು. ಅಮೆರಿಕದಲ್ಲಿ ಇನ್ನೂ ಬೆಳಗಿನ ಜಾವ ಅಂದೆ. ಕೇಳಲಿಲ್ಲ. ಹುಡುಗ ನಿದ್ದೆಗಣ್ಣಲ್ಲಿ "ಅಜ್ಜೀ" ಅಂದದ್ದು ನನಗೂ ಕೇಳಿಸಿತು.

"ಏ ಅಪ್ಪೀ, ಕೇಳಿಲ್ಲಿ. ಅಲ್ಲಿಂದ ಬರಾಗ ಬಾಲ್ ವಾಪಸ್ ತರಬ್ಯಾಡ. ಎಲ್ಲಾ ಅಲ್ಲೇ ಆ ಹುಡುಗರಿಗೆ ಕೊಟ್ಟು ಬಾ."