ಮಿತವ್ಯಯಿಯ ದುಂದುವೆಚ್ಚ

ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆಯಲ್ಲಿ, ಅದರಲ್ಲೂ ಫ್ರೀಮಾಂಟ್, ಸನ್ನಿವೇಲ್, ಕೂಪರ್ಟಿನೊ ಮೊದಲಾದ ಊರುಗಳಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗ ಎಂಜಿನಿಯರುಗಳ ನಡುವೆ ಒಂದು ವಿಶಿಷ್ಟ ಪಂಗಡವಿದೆ. ಮನೆ ಸಾಲದ ಕಂತು ರೂಢಿಯಾಗಿ, ಮಕ್ಕಳು ಕಾಲೇಜಿನ ಹಾಸ್ಟೆಲ್ ಸೇರಿ, ರಕ್ತದೊತ್ತಡದ ಮಾತ್ರೆ ಇನ್ನೇನು ಆರಂಭವಾಗಲಿರುವ ವಯಸ್ಸಿನಲ್ಲಿ ಈ ಪಂಗಡದ ಗೃಹಸ್ಥನಿಗೆ ಇಬ್ಬರಷ್ಟೇ ಕೂರಬಹುದಾದ, ಮೇಲಿನ ಟಾಪನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ಸ್ಪೋರ್ಟ್ಸ್ ಕಾರೊಂದು ಬೇಕೆನಿಸತೊಡಗುತ್ತದೆ. ಕನ್ವರ್ಟಿಬಲ್ ಎಂಬ ಈ ಜಾತಿಯ ಕಾರಿನ ಮೋಹ ನಡುವಯಸ್ಸಿನ ಗಂಡಸರಲ್ಲಿ ಎಲ್ಲ ಕಡೆಯೂ ಇರುವಂಥದ್ದೇ ಆದ್ದರಿಂದ ಅದೊಂದರಿಂದಲೇ ಈತ ಅಧ್ಯಯನಕ್ಕೆ ಯೋಗ್ಯನಾಗುವುದಿಲ್ಲ. ಬಾಳಿನಲ್ಲಿ ಒಮ್ಮೆಯಾದರೂ ದುಂದು ಮಾಡಬೇಕೆಂದು ನಿಶ್ಚಯಿಸಿದ ಮೇಲೂ ಆ ದುಂದನ್ನು ಆದಷ್ಟು ಅಗ್ಗದಲ್ಲಿ ಮುಗಿಸಬೇಕೆಂಬ ಹಟವೇ ಈತನ ನಿಜವಾದ ಲಕ್ಷಣ.

ಹೊಸ ಕಾರನ್ನು ಈತ ತತ್ತ್ವತಃ ಒಪ್ಪುವುದಿಲ್ಲ. ಶೋರೂಮಿನ ಗೇಟು ದಾಟಿದೊಡನೆ ಕಾರಿನ ಬೆಲೆ ಇಳಿಯತೊಡಗುವುದನ್ನು ಡಿಪ್ರಿಸಿಯೇಶನ್, ಅಂದರೆ ಸವಕಳಿ, ಎನ್ನುತ್ತಾರೆ. ಆ ಸವಕಳಿಯ ನಷ್ಟವನ್ನು ಹೊರುವುದಕ್ಕೆಂದೇ ಭಗವಂತ ಮೊದಲ ಮಾಲೀಕನನ್ನು ಸೃಷ್ಟಿಸಿದ್ದಾನೆ ಎಂಬುದು ಈತನ ಅರ್ಥಶಾಸ್ತ್ರ. ಹಾಗೆಂದು ಹಳೆಯದೆಲ್ಲವೂ ಈತನಿಗೆ ಒಪ್ಪಿತವಲ್ಲ. ಎಂಜಿ, ಟ್ರಯಂಫ್‌ನಂತಹ ಹಳೆಯ ಬ್ರಿಟಿಷ್ ಕಾರುಗಳು ನೋಡಲು ಸೊಗಸಾದರೂ ನಿಂತಲ್ಲೆಲ್ಲ ಎಣ್ಣೆಯ ಗುರುತು ಬಿಡುತ್ತವೆಂದು ಕೇಳಿ ದೂರದಿಂದಲೇ ನಮಸ್ಕರಿಸುತ್ತಾನೆ. ಜರ್ಮನ್ ಕಾರುಗಳ ಬಿಡಿಭಾಗಗಳ ಬೆಲೆ ನೋಡಿ ನಮಸ್ಕಾರವನ್ನೂ ಮಾಡುವುದಿಲ್ಲ. ಕೊನೆಗೆ ಈತನ ದೃಷ್ಟಿ ನೆಲೆಗೊಳ್ಳುವುದು ಜಪಾನಿನ ಮಜ್ದಾ ಮಿಯಾಟದ ಮೇಲೆ. ಬಾಬ್ ಹಾಲ್ ಎಂಬ ಅಮೆರಿಕನ್ ಮೋಟಾರು ಪತ್ರಕರ್ತ 1979ರಲ್ಲಿ ಮಜ್ದಾದ ಕೆನಿಚಿ ಯಮಮೊಟೊ ಅವರಿಗೆ ಅಗ್ಗದ, ಹಗುರವಾದ, ತೆರೆದ ಕಾರೊಂದನ್ನು ಮಾಡಿರೆಂದು ಸೂಚಿಸಿದ್ದು, ಹತ್ತು ವರ್ಷಗಳ ನಂತರ, 1989ರ ಫೆಬ್ರವರಿಯಲ್ಲಿ, ಅದು ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಹೊರಬಂದದ್ದು, 1.6 ಲೀಟರಿನ ಸಾಧಾರಣ ಎಂಜಿನ್ ಹೊತ್ತ ಆ ಪುಟ್ಟ ಕಾರಿನ ವಂಶ 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಸಂಖ್ಯೆ ಮುಟ್ಟಿದ್ದು, ಇವೆಲ್ಲವೂ ಈತನಿಗೆ ಕಂಠಪಾಠ. ಕುದುರೆಯೂ ಸವಾರನೂ ಒಂದೇ ದೇಹವೆಂಬಂತೆ ಕಾರು ಇರಬೇಕೆಂಬುದು ಅದರ ವಿನ್ಯಾಸಕಾರರ ಆದರ್ಶವಾಗಿತ್ತೆಂದು ತಿಳಿದ ದಿನ, ಕನ್ನಡ ಕೂಟದ ಊಟದ ಸಾಲಿನಲ್ಲಿ ಹಿಂದೆ ನಿಂತವರಿಗೆ ಇದು ಅದ್ವೈತವೇ ಎಂದು ವಿವರಿಸುತ್ತಾನೆ. ಸ್ಪೋರ್ಟ್ಸ್ ಕಾರಿನಲ್ಲೂ ಒಂದು ಟೊಯೋಟ ಕೊರೊಲಾವನ್ನೇ ಹುಡುಕಿಕೊಂಡಿದ್ದಾನೆ ಎಂಬ ಸತ್ಯವನ್ನು ಆ ಸಾಲಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅನಂತರ ಎಕ್ಸೆಲ್ ಹಾಳೆ ಹುಟ್ಟುತ್ತದೆ. ತಯಾರಾದ ವರ್ಷ, ಓಡಿದ ಮೈಲಿ, ಹಿಂದಿನ ಮಾಲೀಕರ ಸಂಖ್ಯೆ, ಟೈಮಿಂಗ್ ಬೆಲ್ಟ್ ಬದಲಿಸಿದ ದಿನಾಂಕ, ಹೀಗೆ ಅಡ್ಡಸಾಲುಗಳೂ ಕಂಬಸಾಲುಗಳೂ ಬೆಳೆದು, ಕೆಂಪು ಕಾರಿಗೆ ವಿಮೆ ಜಾಸ್ತಿಯೇ ಎಂಬ ಪ್ರಶ್ನೆಗೂ (ಬಣ್ಣಕ್ಕೂ ವಿಮೆಗೂ ಸಂಬಂಧವಿಲ್ಲ) ಒಂದು ಪ್ರತ್ಯೇಕ ಕಾಲಂ ದೊರೆಯುತ್ತದೆ. ‘ಮನೆಯವರ ಅಭಿಪ್ರಾಯ’ ಎಂಬ ಕಾಲಂ ಕಟ್ಟಕಡೆಯಲ್ಲಿದ್ದು ತುಂಬದೆ ಉಳಿದಿರುತ್ತದೆ. ಕೊಳ್ಳುವ ಸುಖಕ್ಕಿಂತ ಕೊಳ್ಳಲಿರುವ ಸುಖ ದೊಡ್ಡದೆಂದು ಬಲ್ಲ ಈತ, ಈ ಹಂತವನ್ನು ತಿಂಗಳುಗಟ್ಟಲೆ ಎಳೆಯಬಲ್ಲ.

ಆದರೆ ಈತನ ಪಾಂಡಿತ್ಯ ಪೂರ್ಣವಾಗಿ ಪ್ರಕಟವಾಗುವುದು ಕಾರನ್ನು ಪರೀಕ್ಷಿಸುವ ವೇಳೆಯಲ್ಲಿ. ಮಾರುವವರು ಸಾಮಾನ್ಯವಾಗಿ ನಿವೃತ್ತರಾದ, ಕಾರನ್ನು ಹೆಸರಿಟ್ಟು ಕರೆಯುವ ಅಮೆರಿಕನ್ ಹಿರಿಯರು. ಅವರು ತೋರಿಸಲು ಹೊರಟ ಬಣ್ಣ, ಚಕ್ರ, ಚರ್ಮದ ಆಸನಗಳ ಕಡೆ ಕಣ್ಣು ಹಾಯಿಸದೆ ಈತ ಟಾರ್ಚು ಹಿಡಿದು ನೆಲಕ್ಕೆ ಬೀಳುತ್ತಾನೆ. ಮಡಚುವ ಟಾಪಿನ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂದಿರುವ ಎರಡು ಕೊಳವೆಗಳಿಂದ ಕೆಳಗಿಳಿದು ಹೋಗಬೇಕು. ತರಗೆಲೆ ಕಟ್ಟಿಕೊಂಡು ಕೊಳವೆ ಮುಚ್ಚಿದರೆ ನೀರು ಬಾಗಿಲ ಕೆಳಗಿನ ಟೊಳ್ಳು ಉಕ್ಕಿನ ತೊಲೆಗಳಿಗೆ ಸೇರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಈ ರಹಸ್ಯ ತಿಳಿದ ಈತ ಹಿಂಚಕ್ರದ ಮುಂದಿನ ಭಾಗವನ್ನು, ಹಲಸಿನ ಹಣ್ಣನ್ನು ಸಂತೆಯಲ್ಲಿ ತಟ್ಟಿ ನೋಡುವಂತೆ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ. ಆಮೇಲೆ ಬಾನೆಟ್ ತೆರೆಸಿ, ಕ್ರ್ಯಾಂಕ್ ಶಾಫ್ಟಿನ, ಎಂದರೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗುವ ಚಲನೆಯಾಗಿಸುವ ದಂಡದ, ತುದಿಯಲ್ಲಿರುವ ಪುಲ್ಲಿಯ ಸೀಳುಗಳನ್ನು ಎಣಿಸುತ್ತಾನೆ. ಆರಂಭದ ಕಾರುಗಳಲ್ಲಿ ಈ ದಂಡದ ಮೂತಿ ಗಿಡ್ಡವಾಗಿದ್ದು ಸವೆದು ಅಲುಗಾಡುವ ಭಯವಿತ್ತು. 4 ಸೀಳುಗಳಿದ್ದರೆ ಗಿಡ್ಡ ಮೂತಿ, 8 ಇದ್ದರೆ ಉದ್ದ ಮೂತಿ. ಮಾರುವವರು ಮೂವತ್ತು ವರ್ಷ ಆ ಕಾರನ್ನು ಓಡಿಸಿದ್ದರೂ ಅದಕ್ಕೊಂದು ಮೂತಿಯಿದೆ ಎಂಬುದನ್ನೇ ಅರಿಯದವರಾಗಿರುತ್ತಾರೆ. ಎಂಟನ್ನು ಎಣಿಸಿ ಮೇಲೆದ್ದ ಈತ ಸಂತೋಷವನ್ನು ಮುಖದಲ್ಲಿ ತೋರಗೊಡುವುದಿಲ್ಲ, ಯಾಕೆಂದರೆ ಚೌಕಾಸಿ ಇನ್ನೂ ಬಾಕಿಯಿದೆ.

ಚೌಕಾಸಿಯಲ್ಲಿ ಈತ ಗಾಂಧಿಬಜಾರಿನ ಶಿಷ್ಯ. ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಿಸಬೇಕು, ಬದಲಿಸಿದ್ದಕ್ಕೆ ರಸೀದಿಯಿಲ್ಲವೆಂದು ಒಂದಿಷ್ಟು, ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಮಂಜಾಗಿದೆಯೆಂದು ಮತ್ತೊಂದಿಷ್ಟು ಇಳಿಸುತ್ತಾನೆ. ಹೊಗೆಯ ತಪಾಸಣೆಯಾದ ಸ್ಮಾಗ್ ಪ್ರಮಾಣಪತ್ರವನ್ನು ಒದಗಿಸುವ ಹೊಣೆ ಕ್ಯಾಲಿಫೋರ್ನಿಯದಲ್ಲಿ ಮಾರುವವನದೆಂಬ ಕಾನೂನನ್ನು, ಯಾರೂ ಅಲ್ಲಗಳೆಯದಿದ್ದರೂ, ಎರಡು ಸಲ ನೆನಪಿಸುತ್ತಾನೆ. ಪಿಂಕ್ ಸ್ಲಿಪ್ ಎಂದು ಕರೆಯುವ ಮಾಲೀಕತ್ವದ ಪತ್ರ ಕೈಸೇರಿದ ಮೇಲೆ ಹತ್ತು ದಿನಗಳೊಳಗೆ ಹೆಸರು ಬದಲಾಯಿಸಬೇಕೆಂದಿದ್ದರೆ, ಈತ ಮರುದಿನ ಬೆಳಿಗ್ಗೆಯೇ ವಾಹನ ನೋಂದಣಿಯ ಡಿಎಂವಿ ಕಚೇರಿಯ ಸಾಲಿನಲ್ಲಿರುತ್ತಾನೆ. ಇಳಿಸಿದ ಹಣವಷ್ಟೂ ಹೊಸ ಬೆಲ್ಟು ಮತ್ತು ಹೊಸ ಟಾಪಿಗೆ ಖರ್ಚಾದರೂ ಎಕ್ಸೆಲ್ ಹಾಳೆಯಲ್ಲಿ ಅದು ‘ಉಳಿತಾಯ’ದ ಖಾತೆಯಲ್ಲೇ ಉಳಿಯುತ್ತದೆ.

ಕುಟುಂಬದ ಪ್ರತಿಕ್ರಿಯೆ ಸಂಕ್ಷಿಪ್ತವಾಗಿರುತ್ತದೆ. “ರೀ, ಇದಕ್ಕೆ ಹಿಂದಿನ ಸೀಟೇ ಇಲ್ವಲ್ಲ, ಅತ್ತೆ ಮಾವ ಬಂದ್ರೆ ಎಲ್ಲಿ ಕೂರಿಸ್ತೀರಿ?” ಎಂಬ ಪತ್ನಿಯ ಪ್ರಶ್ನೆಗೆ ಹಾಳೆಯಲ್ಲಿ ಕಾಲಂ ಇಲ್ಲ. ಮೈಸೂರಿನಲ್ಲಿರುವ ತಂದೆ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, “ಮೇಲೆ ಟಾಪಿಲ್ಲ ಅಂದ್ಮೇಲೆ ರೇಟೂ ಕಮ್ಮಿ ಇರ್ಬೇಕಲ್ಲಪ್ಪ” ಎನ್ನುತ್ತಾರೆ. ಈತನ ಸ್ವಭಾವದ ಮೂಲವನ್ನು ಹುಡುಕುವ ಸಂಶೋಧಕ ಇಲ್ಲಿಂದ ಮುಂದಕ್ಕೆ ಹೋಗಬೇಕಾಗಿಲ್ಲ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಾಲಯದಲ್ಲಿ ವಾಹನಪೂಜೆಯಾಗಿ ಚಕ್ರದ ಕೆಳಗೆ ನಿಂಬೆಹಣ್ಣು ಚಪ್ಪಟೆಯಾಗುವುದರೊಂದಿಗೆ ಖರೀದಿಪರ್ವ ಮುಗಿಯುತ್ತದೆ.

ಟಾಪು ತೆರೆದ ಮೇಲಿನ ಬದುಕು ಮಾತ್ರ ಹಾಳೆಯ ಲೆಕ್ಕಕ್ಕೆ ಅಷ್ಟಾಗಿ ಸಿಗುವುದಿಲ್ಲ. 880ನೇ ಹೆದ್ದಾರಿಯಲ್ಲಿ ಈತನ ಕಿವಿ ಲಾರಿಗಳ ಚಕ್ರದ ಮಟ್ಟಕ್ಕಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕೂದಲು ತೆಳುವಾದ ನೆತ್ತಿ ಕಾಯುತ್ತದೆ, ಟೋಪಿ ಹಾಕಿದರೆ ಗಾಳಿಗೆ ಹಾರುತ್ತದೆ. ಆದರೂ ಮ್ಯಾನ್ಯುಯಲ್ ಗೇರು ಹಾಕುವ ಗತ್ತಿಗೆ ಇದಾವುದೂ ಅಡ್ಡಿಯಲ್ಲ. ಆಟೊಮ್ಯಾಟಿಕ್ ಕಾರುಗಳ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಕ್ಲಚ್ಚೆಂದರೇನೆಂದು ತಿಳಿಯದು, ಆದ್ದರಿಂದ ಮನೆಯಲ್ಲಿ ಈ ಕಾರನ್ನು ಓಡಿಸಬಲ್ಲವನು ತಾನೊಬ್ಬನೇ ಎಂಬುದು ಈತನ ಗೃಹಸ್ಥಾಶ್ರಮದ ಏಕೈಕ ಸಾರ್ವಭೌಮತ್ವ. ರಾಜಾಜಿನಗರದ ಇಕ್ಕಟ್ಟಿನ ಅಡ್ಡರಸ್ತೆಗಳಲ್ಲಿ ಮಾರುತಿ 800 ಓಡಿಸಿ ಲೈಸೆನ್ಸ್ ಪಡೆದ ಪತ್ನಿಯನ್ನು ಈತ ಈ ಗಣನೆಗೆ ತೆಗೆದುಕೊಂಡಿರುವುದಿಲ್ಲ. ಒಂದು ಶನಿವಾರ ಆಕೆ ಕೀಲಿ ಎತ್ತಿಕೊಂಡು, ಕನ್ನಡ ಕೂಟದ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿರುವುಗಳ 84ನೇ ರಸ್ತೆಯನ್ನು ಹತ್ತಿ ಬೆಟ್ಟದ ನೆತ್ತಿಯ ಸ್ಕೈಲೈನ್ ರಸ್ತೆಯನ್ನು ದಾಟಿ ಸಮುದ್ರದ ಕಡೆ ಇಳಿಯುತ್ತಾಳೆ. ಕಾರಿನಲ್ಲಿ ಇರುವುದು ಎರಡೇ ಸೀಟಾದ್ದರಿಂದ ಯಜಮಾನ ಮನೆಯಲ್ಲೇ ಉಳಿದು, ಸಂಜೆ ಅವರು ತಂದುಕೊಟ್ಟ ಪೆಟ್ರೋಲಿನ ರಸೀದಿಯನ್ನು ಎಕ್ಸೆಲ್ ಹಾಳೆಗೆ ಏರಿಸಿ, ಮೈಲೇಜು ತನ್ನದಕ್ಕಿಂತ ಚೆನ್ನಾಗಿ ಬಂದಿರುವುದನ್ನು ಕಂಡು ಲೆಕ್ಕವನ್ನು ಮತ್ತೊಮ್ಮೆ ಮಾಡುತ್ತಾನೆ.